ಸೀಸೆಯ ಮೇಲಿನ ಊರು

ಪರದೇಶದಲ್ಲಿ ನೆಲೆಸಿದ ಮಕ್ಕಳು ರಜೆಗೆಂದು ಮನೆಗೆ ಬರುವಾಗ ತರುವ ಉಡುಗೊರೆಗಳಿಗೂ ಒಂದು ಕ್ರಮವಿದೆ. ತಾಯಿಗೆ ಉಣ್ಣೆಯ ಶಾಲು, ತಮ್ಮನಿಗೆ ಕೈಗಡಿಯಾರ, ಮನೆಯ ಚಿಕ್ಕ ಮಕ್ಕಳಿಗೆ ಚಾಕೊಲೆಟ್ಟು. ತಂದೆಗೆ ಏನು ತರಬೇಕೆಂಬುದು ಮಾತ್ರ ಕೊನೆಯ ಗಳಿಗೆಯವರೆಗೂ ತೋಚುವುದಿಲ್ಲ. 2024ರ ಡಿಸೆಂಬರಿನಲ್ಲಿ ಯಸಳೂರು ಹೋಬಳಿಯ ಒಂದು ಕಾಫಿ ತೋಟದ ಮನೆಗೆ ಜರ್ಮನಿಯಿಂದ ಹಿರಿಯ ಮಗ ಬಂದಾಗ ತಂದೆಯ ಪಾಲಿಗೆ ಬಂದದ್ದು ಒಂದು ಸೀಸೆ. ಹಸುರು ಗಾಜಿನ, ನೀಳವಾದ ಕೊರಳಿನ, ಸಪೂರವಾದ ಸೀಸೆ. ಅದರೊಳಗೆ ಇದ್ದದ್ದು ಬಿಳಿಯ ವೈನು.

ಮನೆಯಾಕೆಗೆ ಮೊದಲು ಆಶ್ಚರ್ಯ, ಆಮೇಲೆ ಕೋಪ. ಎಂಬತ್ತು ದಾಟಿದ ಯಜಮಾನರು ಆಯುಷ್ಯದಲ್ಲಿ ಕಾಫಿಗಿಂತ ಖಾರವಾದ ಪಾನೀಯವನ್ನು ಮುಟ್ಟಿದವರಲ್ಲ. “ತರಲಿಕ್ಕೆ ಬೇರೆ ಏನೂ ಸಿಗಲಿಲ್ಲವೇನೋ?” ಎಂದು ಆಕೆ ಮಗನನ್ನು ಗದರಿಸಿ, ಆ ಸೀಸೆ ಅಡಿಗೆಮನೆಗಾಗಲಿ ದೇವರ ಕೋಣೆಯ ಕಡೆಗಾಗಲಿ ಸುಳಿಯಕೂಡದೆಂದು ತೀರ್ಪು ಕೊಟ್ಟರು. ಹಾಗಾಗಿ ಅದಕ್ಕೆ ಆಶ್ರಯ ದೊರೆತದ್ದು ಜಗಲಿಯ ಪಕ್ಕದ ಆಫೀಸು ಕೋಣೆಯಲ್ಲಿ. ಅಲ್ಲಿ ಆಳುಗಳ ಹಾಜರಿ ಪುಸ್ತಕ, ಐವತ್ತು ವರ್ಷಗಳ ಮಳೆಯ ಲೆಕ್ಕ, ತೂಕದ ಬಟ್ಟು, ಮೂಲೆಯಲ್ಲಿ ಮೈಲುತುತ್ತದ ಚೀಲ. ಇವುಗಳ ನಡುವೆ ಆ ಸೀಸೆ ದೂರದ ನಂಟನಂತೆ ಸಂಕೋಚದಿಂದ ನಿಂತಿತು.

ಆದರೆ ಅದು ಅಷ್ಟೇನೂ ಅಪರಿಚಿತ ಸ್ಥಳವಾಗಿರಲಿಲ್ಲ. ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಳೆಗಾಲಕ್ಕೆ ಮುಂಚೆ ಗಿಡಗಳಿಗೆ ಸಿಂಪಡಿಸುವ ‘ಬೋರ್ಡೋ’ ದ್ರಾವಣವನ್ನು ಅರಿಯದ ಬೆಳೆಗಾರ ಮಲೆನಾಡಿನಲ್ಲಿಲ್ಲ. ಬೋರ್ಡೋ ಎಂಬುದು ಫ್ರಾನ್ಸಿನ ದ್ರಾಕ್ಷಿಯ ಸೀಮೆಯ ಹೆಸರು. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಅಲ್ಲಿಯ ರೈತರು ಈ ನೀಲಿ ನೀರನ್ನು ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಜುರೋಗ ತಗಲದಿರುವುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ 1885ರಲ್ಲಿ ಜಗತ್ತಿಗೆ ತಿಳಿಸಿದ. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅಡಕೆಯ ಕೊಳೆರೋಗಕ್ಕೆ ಅದನ್ನೇ ಮದ್ದಾಗಿ ಬಳಕೆಗೆ ತಂದರು. ಅಡಕೆಯ ತೋಟದಿಂದ ಕಾಫಿಯ ತೋಟಕ್ಕೆ ಎಷ್ಟು ದೂರ! ಮಗ ಇದನ್ನು ವಿವರಿಸಿದಾಗ ಯಜಮಾನರು ನಕ್ಕು, “ಹಾಗಾದರೆ ಮದ್ದು ಮೊದಲೇ ಬಂದಿತ್ತು, ಹಣ್ಣಿನ ರಸ ಈಗ ಬಂತು ಅನ್ನು” ಎಂದರು.

ಯಜಮಾನರ ಕುತೂಹಲ ಕೆರಳಿಸಿದ್ದು ಸೀಸೆಯೊಳಗಿನ ರಸವಲ್ಲ, ಅದರ ಮೇಲೆ ಅಂಟಿಸಿದ್ದ ಚೀಟಿ. ಕಾಂಡಕೊರಕ ಹುಳುವಿನ ಜಾಡನ್ನು ಹುಡುಕಲು ಬಳಸುವ ಭೂತಗನ್ನಡಿಯನ್ನು ಹಿಡಿದು ಒಂದೊಂದೇ ಅಕ್ಷರವನ್ನು ಕೂಡಿಸಿ ಓದಿದರು. ಮೋಸೆಲ್ ಎಂಬುದು ನದಿಯ ಹೆಸರು. ಆ ಸೀಮೆಗೂ ಅದೇ ಹೆಸರು. ರೀಸ್ಲಿಂಗ್ ಎಂಬುದು ದ್ರಾಕ್ಷಿಯ ಜಾತಿ. ಅನಂತರ ಕೊಯ್ಲಿನ ವರ್ಷ. ಅದರ ಕೆಳಗೆ, ಸರ್ಕಾರದ ಪರೀಕ್ಷಕರು ರುಚಿ ನೋಡಿ ಒಪ್ಪಿ ಕೊಟ್ಟ ಸಂಖ್ಯೆ. ಎಲ್ಲಕ್ಕೂ ಮೇಲೆ, ದೊಡ್ಡ ಅಕ್ಷರಗಳಲ್ಲಿ, ‘ವೇಲೆನರ್ ಸೊನ್ನೆನ್‌ಊರ್’.

“ಊರು ಅಂತ ಇದೆಯಲ್ಲೋ!” ಎಂದರು ಯಜಮಾನರು.

ಮಗನಿಗೆ ನಗು ಬಂತು. ಜರ್ಮನ್ ಭಾಷೆಯಲ್ಲಿ ‘ಊರ್’ ಎಂದರೆ ಗಡಿಯಾರ. ‘ಸೊನ್ನೆನ್‌ಊರ್’ ಎಂದರೆ ಸೂರ್ಯನ ಗಡಿಯಾರ. ವೇಲೆನ್ ಎಂಬ ಹಳ್ಳಿಯ ಎದುರಿಗೆ ನದಿಯಾಚೆಯ ಕಡಿದಾದ ಇಳಿಜಾರಿನಲ್ಲಿ, 1842ರಲ್ಲಿ ಯೊಡೋಕುಸ್ ಪ್ರ್ಯೂಮ್ ಎಂಬಾತ ಒಂದು ನೆರಳುಗಡಿಯಾರವನ್ನು ಕಟ್ಟಿಸಿದ. ತೋಟದಲ್ಲಿ ದುಡಿಯುವವರಿಗೆ ಹೊತ್ತು ತಿಳಿಯಬೇಕಾಗಿತ್ತು. ಆ ಗಡಿಯಾರದ ಸುತ್ತಣ ತೋಟಕ್ಕೆ ಅದೇ ಹೆಸರಾಯಿತು. ಮಲೆನಾಡಿನ ತೋಟಗಳಲ್ಲಿ ಹಳೆಯ ರೈಲುಕಂಬಿಯ ತುಂಡನ್ನು ಮರಕ್ಕೆ ತೂಗುಹಾಕಿ ಬಡಿಯುವ ವಾಡಿಕೆಯನ್ನು ಬಲ್ಲ ಯಜಮಾನರಿಗೆ ಈ ಕಥೆ ಬಹಳ ಹಿಡಿಸಿತು. ಊರಲ್ಲದಿದ್ದರೂ ಊರಿನ ಒಂದು ಗುಡ್ಡದ ಹೆಸರು ತಾನೆ! ಒಂದು ಗುಡ್ಡದ ಹೆಸರು ಸೀಸೆಯ ಬೆನ್ನೇರಿ ಯಸಳೂರಿನವರೆಗೆ ಬಂದಿತ್ತು.

ಆ ಸೀಮೆಯ ಚಿತ್ರವನ್ನು ಮಗ ಸವಿಸ್ತಾರವಾಗಿ ಬಿಡಿಸಿಟ್ಟ. ಮೋಸೆಲ್ ನದಿ ಹಾವಿನಂತೆ ಸುತ್ತಿ ಸುಳಿದು ಹರಿಯುತ್ತದೆ. ಅದರ ಎರಡು ದಡಗಳಲ್ಲಿ ನಿಂತರೆ ಬೆನ್ನು ಹಿಂದಕ್ಕೆ ವಾಲುವಷ್ಟು ಕಡಿದಾದ ಗುಡ್ಡಗಳು. ಉತ್ತರ ಅಕ್ಷಾಂಶ 50 ಡಿಗ್ರಿಯ ಆಸುಪಾಸಿನ ಆ ನಾಡಿನಲ್ಲಿ ದ್ರಾಕ್ಷಿ ಮಾಗುವುದೇ ಒಂದು ಸಾಹಸ. ಆದುದರಿಂದ ಅಲ್ಲಿಯವರು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳನ್ನು ಹುಡುಕಿ ನೆಟ್ಟರು. ಅಲ್ಲಿ ಬಿಸಿಲು ನೆಟ್ಟಗೆ ಬೀಳುತ್ತದೆ. ನೆಲವೆಲ್ಲ ಕಪ್ಪು ಪಲಕಗಲ್ಲು. ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ತನ್ನ ಬಿಸಿಯನ್ನು ಬಳ್ಳಿಗೆ ಬಿಟ್ಟುಕೊಡುತ್ತದೆ. ಕೆಳಗಿನ ನದಿಯ ನೀರು ಬಿಸಿಲನ್ನು ಪ್ರತಿಫಲಿಸುತ್ತದೆ. ಒಂದೊಂದು ಬಳ್ಳಿಗೂ ಒಂದೊಂದು ಗೂಟ. ಎಲ್ಲ ಕೆಲಸವೂ ಕೈಯಿಂದಲೇ. ಮಳೆಗೆ ಜಾರಿದ ಕಲ್ಲನ್ನು ಮತ್ತೆ ಮೇಲಕ್ಕೆ ಹೊತ್ತೊಯ್ಯುವುದೂ ಕೆಲಸದ ಒಂದು ಭಾಗ. ಇಷ್ಟೆಲ್ಲ ಆದಮೇಲೆ ಅಕ್ಟೋಬರಿನ ಚಳಿಯಲ್ಲಿ ಹಣ್ಣು ನಿಧಾನವಾಗಿ ಮಾಗುತ್ತದೆ.

ಅವಸರವಿಲ್ಲದೆ ಮಾಗುವುದೇ ಆ ರಸದ ಗುಟ್ಟು. ಬೆಚ್ಚಗಿನ ನಾಡಿನಲ್ಲಿ ದ್ರಾಕ್ಷಿಗೆ ಸಕ್ಕರೆ ಬೇಗ ತುಂಬುತ್ತದೆ. ಆದರೆ ಸೆಕೆಯ ರಾತ್ರಿಗಳಲ್ಲಿ ಹಣ್ಣು ತನ್ನ ಹುಳಿಯನ್ನು ತಾನೇ ಉಸಿರಾಡಿ ಕಳೆದುಕೊಳ್ಳುತ್ತದೆ. ತಂಪಾದ ರಾತ್ರಿಗಳಿದ್ದರೆ ಸಿಹಿ ಕೂಡುವವರೆಗೂ ಹುಳಿ ಉಳಿದಿರುತ್ತದೆ. ಆ ಹುಳಿ ಮತ್ತು ಸಿಹಿಯ ಸಮತೂಕವೇ ಚಳಿನಾಡಿನ ಬಿಳಿ ವೈನಿನ ಕೀರ್ತಿಗೆ ಕಾರಣ. ಕೆಂಪು ವೈನಿನಲ್ಲಿ ರಸದೊಡನೆ ಹಣ್ಣಿನ ಸಿಪ್ಪೆಯೂ ಹುಳಿಯುತ್ತದೆ. ಬಣ್ಣವೂ ಒಗರೂ ಸಿಪ್ಪೆಯಿಂದಲೇ ಬರುತ್ತವೆ. ಬಿಳಿ ವೈನಿಗೆ ಹಣ್ಣನ್ನು ಹಿಂಡಿ ರಸವನ್ನು ಮಾತ್ರ ತೆಗೆದುಕೊಂಡು ತಂಪಿನಲ್ಲಿ ಹುಳಿಸುತ್ತಾರೆ. ಮರೆಮಾಡಲು ಅಲ್ಲಿ ಏನೂ ಇಲ್ಲ. ಹಣ್ಣು ಒಳ್ಳೆಯದಾದರೆ ರಸ ಒಳ್ಳೆಯದು. ಹಣ್ಣು ಕೆಟ್ಟರೆ ಕೆಟ್ಟಿತು.

ಕೇಳುತ್ತ ಕೇಳುತ್ತ ಯಜಮಾನರ ಕಣ್ಣು ಕಿಟಕಿಯಾಚೆಯ ಗುಡ್ಡದತ್ತ ಹೊರಳಿತು. ಮೋಸೆಲಿನವರಿಗೆ ಬಿಸಿಲಿನ ಬರ. ಮರಗಳನ್ನು ಕಡಿದು, ಕಲ್ಲನ್ನು ಕಾಯಿಸಿ, ಒಂದೊಂದು ಕಿರಣವನ್ನೂ ಹಿಡಿದಿಡುತ್ತಾರೆ. ಯಸಳೂರಿನವರಿಗೆ ಬಿಸಿಲೇ ಶತ್ರು. ಹಲಸು, ನೇರಳೆ, ಅತ್ತಿ, ಸಿಲ್ವರ್ ಓಕುಗಳ ಚಪ್ಪರ ಕಟ್ಟಿ ಬಿಸಿಲನ್ನು ಸೋಸಿ ಗಿಡಕ್ಕೆ ಬಿಡುತ್ತಾರೆ. ವರ್ಷವರ್ಷವೂ ಮರಗಸಿ ಮಾಡಿ ಎಷ್ಟು ಬೆಳಕು ಬೇಕೋ ಅಷ್ಟನ್ನೇ ಒಳಬಿಡುತ್ತಾರೆ. ದಾರಿ ಬೇರೆಯಾದರೂ ಗುರಿ ಒಂದೇ. ಹಣ್ಣು ಅವಸರಪಡಬಾರದು. ಮಂಜರಾಬಾದ್ ಸೀಮೆಯ ಕಾಫಿ ತೋಟಗಳು ಸಮುದ್ರಮಟ್ಟದಿಂದ ಸುಮಾರು 900ರಿಂದ 1100 ಮೀಟರ್ ಎತ್ತರದಲ್ಲಿವೆ. ಆ ಎತ್ತರದ ತಂಪೇ ಅರೇಬಿಕಾ ಕಾಫಿಗೆ ಜೀವ. ಸೀಮೆಯ ಹೆಸರಿನಲ್ಲಿಯೇ ಮಂಜು ಇದೆಯೆಂದು ಜನ ಹೇಳುತ್ತಾರೆ. ಟೀಪು ಸುಲ್ತಾನ 1792ರಲ್ಲಿ ದೋಣಿಗಾಲಿನ ಬಳಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಮೇಲೆ ನಿಂತವರು ಅದನ್ನು ಅಲ್ಲಗಳೆಯಲಾರರು.

ಮನೆಯಾಕೆಯ ಕೋಪ ಮೂರು ದಿನಕ್ಕೆ ಇಳಿಯಿತು. ಯಜಮಾನರಿಗೆ ಊಟವಾದ ಮೇಲೆ ವೈದ್ಯರ ಅಪ್ಪಣೆಯಂತೆ ಎರಡು ಚಮಚ ದ್ರಾಕ್ಷಾರಿಷ್ಟ ಸೇವಿಸುವ ರೂಢಿಯಿತ್ತು. ದ್ರಾಕ್ಷಾರಿಷ್ಟವೂ ದ್ರಾಕ್ಷಿಯನ್ನು ಹುಳಿಸಿ ಮಾಡಿದ್ದೇ ಎಂದು ಮಗ ವಾದಿಸಿ ಗೆದ್ದ. “ಹಾಗಾದರೆ ಇವತ್ತು ಅರಿಷ್ಟದ ಬದಲು ಅದನ್ನೇ ಎರಡು ಚಮಚ ಕೊಡು. ಮೂರನೆಯ ಚಮಚಕ್ಕೆ ಕೈ ಹಾಕಬೇಡ” ಎಂದು ತಾಯಿ ಚಮಚವನ್ನು ತಾವೇ ತಂದುಕೊಟ್ಟರು.

ಯಜಮಾನರು ಕಣ್ಣುಮುಚ್ಚಿ ಬಾಯಲ್ಲಿಟ್ಟುಕೊಂಡರು. ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, “ಹುಳಿ ಇದೆ. ಆದರೆ ಹಲ್ಲು ಚುಳ್ಳೆನ್ನುವ ಹುಳಿಯಲ್ಲ. ಹಿಂದೆ ನಮ್ಮ ತೋಟದಲ್ಲಿ ಕಿತ್ತಳೆ ಇತ್ತಲ್ಲ, ಆ ಥರ. ಮೇಲಿನ ತೋಟದ ಕಾಫಿಯನ್ನು ಹಾಲು ಹಾಕದೆ ಕುಡಿದರೆ ಇದೇ ಬರುತ್ತದೆ ನೋಡು” ಎಂದರು. ಪಕ್ಕದಲ್ಲಿ ಕುಳಿತಿದ್ದ ಕಿರಿಯ ಮಗ ತಲೆ ತಗ್ಗಿಸಿದ. ಮೇಲಿನ ತೋಟದ ಮಾತು ಆ ಮನೆಯಲ್ಲಿ ಒಂದು ವರ್ಷದಿಂದ ಯಾರೂ ಎತ್ತದ ಮಾತಾಗಿತ್ತು.

*

ಅದಕ್ಕೆ ಮುಂಚೆ ಒಂದು ಪ್ರಯಾಣ ನಡೆಯಿತು. ಯಜಮಾನರ ಕಣ್ಣಿನ ತಪಾಸಣೆಗೆಂದು ಹಿರಿಯ ಮಗ ಅವರನ್ನು ಬೆಂಗಳೂರಿನ ಮಗಳ ಮನೆಗೆ ಕರೆದೊಯ್ದ. ಕೆಲಸ ಮುಗಿದ ಮಾರನೆಯ ದಿನ, “ನಮ್ಮ ಕಡೆಯೂ ಈ ದ್ರಾಕ್ಷಿ ಬರುತ್ತದೆಯೇನೋ?” ಎಂಬ ತಂದೆಯ ಪ್ರಶ್ನೆಗೆ ಉತ್ತರವಾಗಿ ಕಾರನ್ನು ನಂದಿಬೆಟ್ಟದ ದಾರಿಗೆ ತಿರುಗಿಸಿದ.

ದೊಡ್ಡಬಳ್ಳಾಪುರದ ಬಳಿ, ಬೆಟ್ಟದ ಅಡಿಯಲ್ಲಿ, 1988ರಲ್ಲಿ ಕನ್ವಲ್ ಗ್ರೋವರ್ ಎಂಬುವರು ಫ್ರೆಂಚ್ ದ್ರಾಕ್ಷಿಯ ತೋಟವನ್ನು ಪ್ರಾರಂಭಿಸಿದರು. ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರಿಗೆ ಸಲಹೆಗಾರರಾಗಿದ್ದರು. ಆ ಸುತ್ತಿನಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯನ್ನು ರೈತರು ಬಹುಕಾಲದಿಂದ ಬೆಳೆಯುತ್ತಿದ್ದರು. ಆದರೆ ಸೋವಿನ್ಯೋ ಬ್ಲಾಂ ಮೊದಲಾದ ಬಿಳಿ ವೈನಿನ ಜಾತಿಗಳು ಇಲ್ಲಿಗೆ ಹೊಸಬು. 13 ಡಿಗ್ರಿ ಅಕ್ಷಾಂಶದ ಈ ನಾಡಿನಲ್ಲಿ ದ್ರಾಕ್ಷಿಬಳ್ಳಿಗೆ ಒಂದು ಕಷ್ಟವಿದೆ. ಯೂರೋಪಿನಲ್ಲಿ ಹಿಮ ಬಿದ್ದಾಗ ಬಳ್ಳಿ ನಿದ್ರೆ ಹೋಗುತ್ತದೆ. ಇಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದುದರಿಂದ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಗೆಯಲ್ಲಿ ಒಮ್ಮೆ, ಮಳೆ ಹಿಂದೆಗೆಯುವ ಹೊತ್ತಿಗೆ ಮತ್ತೊಮ್ಮೆ. ಎರಡನೆಯ ಸವರಿಕೆಯ ಚಿಗುರಿನಲ್ಲಿ ಹೂ ಬಿಟ್ಟು, ಚಳಿಗಾಲದ ತಂಪು ರಾತ್ರಿಗಳಲ್ಲಿ ಕಾಯಿ ಬಲಿತು, ಫೆಬ್ರವರಿ ಮಾರ್ಚಿನ ಹೊತ್ತಿಗೆ ಹಣ್ಣಾಗುತ್ತದೆ. ಯೂರೋಪಿನವರಿಗೆ ಚಳಿಯನ್ನು ಅಕ್ಷಾಂಶ ಕೊಟ್ಟರೆ ಇಲ್ಲಿಯವರಿಗೆ ಅದನ್ನು ಎತ್ತರವೂ ಋತುವೂ ಕೂಡಿ ಕೊಡಬೇಕು.

ಯಜಮಾನರು ಬೇಲಿಯ ಹೊರಗೆ ನಿಂತು ಸಾಲುಸಾಲಾದ ಬಳ್ಳಿಗಳನ್ನು ನೋಡಿದರು. ಮಣ್ಣನ್ನು ಬೆರಳಲ್ಲಿ ಉಜ್ಜಿದರು. ಕೆಂಪು ಮಣ್ಣು, ಒಣ ಗಾಳಿ. “ಯಸಳೂರಿಗೆ ಇದು ಆಗದು. ನಮ್ಮ ಮುಂಗಾರಿಗೆ ಈ ಎಲೆ ಒಂದು ವಾರ ತಡೆಯದು, ಎಷ್ಟು ಬೋರ್ಡೋ ಹೊಡೆದರೂ ಅಷ್ಟೆ” ಎಂದರು. ಅವರ ಮಾತಿನಲ್ಲಿ ನಿರಾಶೆಯಿರಲಿಲ್ಲ. ಒಂದು ಊರಿಗೆ ಒಂದು ಬೆಳೆ ಒಗ್ಗುತ್ತದೆ; ಒಗ್ಗಿದ ಬೆಳೆಯನ್ನು ಅರಿತವನೇ ಬೆಳೆಗಾರ. ಹಿಂದಿರುಗುವ ದಾರಿಯುದ್ದಕ್ಕೂ ಅವರು ಯೋಚಿಸುತ್ತಿದ್ದದ್ದು ದ್ರಾಕ್ಷಿಯ ವಿಷಯವನ್ನಲ್ಲ.

*

ಮೇಲಿನ ತೋಟವೆಂದರೆ ಮನೆಯ ಹಿಂದಿನ ಗುಡ್ಡದ ನೆತ್ತಿಯ ಐದು ಎಕರೆ. ಯಜಮಾನರ ತಂದೆ ನೆಡಿಸಿದ ಅರೇಬಿಕಾ ಅಲ್ಲಿದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಹೊರತಂದ ಎಸ್.795 ಎಂಬ ತಳಿ. ಕೆಳಗಿನ ತೋಟವೆಲ್ಲ ಈಗಾಗಲೇ ರೊಬಸ್ಟಾ ಆಗಿದೆ. ಮೇಲಿನದನ್ನೂ ಕಿತ್ತು ರೊಬಸ್ಟಾ ನೆಡುವುದೆಂದು ಕಿರಿಯ ಮಗ ನಿಶ್ಚಯಿಸಿದ್ದ. ಸಸಿಗಳೂ ಮಡಿಯಲ್ಲಿ ಸಿದ್ಧವಾಗಿದ್ದುವು.

ಅವನನ್ನು ದೂಷಿಸುವುದು ಸುಲಭವಲ್ಲ. ಅಣ್ಣ ಪರದೇಶದಲ್ಲಿ ಸಂಬಳದ ಮೇಲೆ ಕುಳಿತಾಗ ಮಳೆಯಲ್ಲಿ ನೆನೆದವನು ಅವನು. ಬಿಳಿ ಕಾಂಡಕೊರಕ ಹುಳು ಅರೇಬಿಕಾದ ಕಾಂಡವನ್ನೇ ಆರಿಸಿ ಕೊರೆಯುತ್ತದೆ. ಒಮ್ಮೆ ಹೊಕ್ಕರೆ ಗಿಡವನ್ನು ಕಿತ್ತು ಸುಡುವುದೊಂದೇ ದಾರಿ. ರೊಬಸ್ಟಾಕ್ಕೆ ಆ ಕಾಟ ಕಡಮೆ, ಎಲೆಯ ತುಕ್ಕುರೋಗವೂ ಕಡಮೆ, ಫಸಲು ಹೆಚ್ಚು. ಆಳುಗಳು ಸಿಕ್ಕುವುದು ವರ್ಷದಿಂದ ವರ್ಷಕ್ಕೆ ದುರ್ಲಭವಾಗುತ್ತಿದೆ. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರ ಸುಬ್ರಹ್ಮಣ್ಯ ರೈಲುದಾರಿಯ ಮೇಲೆ ಗುಡ್ಡಗಳೇ ಜರಿದು ಬಿದ್ದಾಗ ಆ ತೋಟದ ಅಂಚೂ ಕುಸಿದಿತ್ತು. ಅದನ್ನು ಕಟ್ಟಿಸಿದ ಸಾಲ ಇನ್ನೂ ತೀರಿರಲಿಲ್ಲ. ಇದರ ಮೇಲೆ 2024ರಲ್ಲಿ ರೊಬಸ್ಟಾದ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಲೆಕ್ಕ ಬಲ್ಲ ಯಾವ ಗೃಹಸ್ಥ ತಾನೆ ಮುದಿ ಗಿಡಗಳನ್ನು ಉಳಿಸಿಕೊಂಡಾನು?

ಯಜಮಾನರ ಬಳಿ ಇದ್ದದ್ದು ಲೆಕ್ಕವಲ್ಲ, ಒಂದು ನೆನಪು. ಅದೂ ತಮ್ಮ ತಂದೆಯಿಂದ ಬಂದದ್ದು. ಯಸಳೂರಿಗೆ ದೂರವಲ್ಲದ ಐಗೂರಿನ ಬಳಿ 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷರವನು ಮಂಜರಾಬಾದ್ ಸೀಮೆಯ ದೊರೆಗಳ ಕಾಫಿ ತೋಟಗಳಿಗೆ ನಾಂದಿ ಹಾಡಿದ. ಅದಕ್ಕೆ ಮುಂಚೆ ಬಾಬಾಬುಡನ್‌ಗಿರಿಯ ದಕ್ಷಿಣದಲ್ಲಿ ಕ್ಯಾನನ್ ಎಂಬುವನ ತೋಟ ತಲೆಯೆತ್ತಿತ್ತು. ‘ಕ್ಯಾನನ್ಸ್ ಮೈಸೂರು’ ಎಂಬ ಅವನ ಕಾಫಿಗೆ ಲಂಡನ್ನಿನ ಪೇಟೆಯಲ್ಲಿ ವಿಶೇಷ ಮರ್ಯಾದೆಯಿತ್ತು. ಆಗಿನ ತಳಿಗೆ ‘ಚಿಕ್’ ಎಂದು ಹೆಸರು. 1860ರ ದಶಕದಲ್ಲಿ ಕೊರಕ ಹುಳು ಆ ತಳಿಯನ್ನು ನಾಶಮಾಡಿತು. ಬೆಳೆಗಾರರು ಕೊಡಗಿನಿಂದ ಬೇರೆ ತಳಿ ತಂದು ನೆಟ್ಟರು. ಅದರ ಮೊದಲ ಫಸಲನ್ನು ನೋಡಿದ ದಲ್ಲಾಳಿಗಳು ಮೂಗು ಮುರಿದರು. ಆದರೆ ಗಿಡಗಳಿಗೆ ವಯಸ್ಸಾದಂತೆಲ್ಲ ಅವುಗಳ ಬೀಜ ಹಳೆಯ ಮೈಸೂರು ಕಾಫಿಯ ಗುಣವನ್ನೇ ಹೆಚ್ಚು ಹೆಚ್ಚಾಗಿ ತಾಳುತ್ತ ಬಂದಿತೆಂದು ಮಂಜರಾಬಾದಿನಲ್ಲಿ ದಶಕಗಳ ಕಾಲ ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಬೀಜ ಬೇರೆಯಾದರೂ ನೆಲ ತನ್ನ ರುಚಿಯನ್ನು ಅದಕ್ಕೆ ಕಲಿಸಿತು. ಮೋಸೆಲಿನವರು ಸೀಸೆಯ ಮೇಲೆ ಗುಡ್ಡದ ಹೆಸರನ್ನು ಬರೆಯುವುದೂ ಇದೇ ನಂಬಿಕೆಯಿಂದ.

ಹಾಗಾದರೆ ಈ ಸೀಮೆಯ ಹೆಸರು ಎಲ್ಲಿ ಕಳೆದುಹೋಯಿತು? ಯಜಮಾನರ ಕಪಾಟಿನಲ್ಲಿದ್ದ ಹಳೆಯ ರಸೀದಿಗಳೇ ಅದಕ್ಕೆ ಉತ್ತರ. ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಪೇಟೆ ಮುಚ್ಚಿಹೋದಾಗ ಬೆಳೆಗಾರನನ್ನು ಕಾಪಾಡಲೆಂದು 1942ರ ಕಾಯಿದೆಯಂತೆ ಕಾಫಿ ಬೋರ್ಡು ಎಲ್ಲರ ಕಾಫಿಯನ್ನೂ ಒಂದೇ ಪೂಲಿಗೆ ಸೇರಿಸಿಕೊಳ್ಳುವ ಏರ್ಪಾಡಾಯಿತು. ಅದರಿಂದ ಸಾವಿರಾರು ಸಂಸಾರಗಳು ಬದುಕಿದುವು, ಅದನ್ನು ಮರೆಯಬಾರದು. ಆದರೆ ಚೀಲದ ಮೇಲಿನ ತೋಟದ ಗುರುತು ಹಾಸನದ ಕ್ಯೂರಿಂಗ್ ಕಾರ್ಖಾನೆಯ ಬಾಗಿಲವರೆಗೆ ಮಾತ್ರ. ಒಳಗೆ ಹೋದ ಮೇಲೆ ಅದು ಗಾತ್ರಕ್ಕೆ ತಕ್ಕಂತೆ ಎ, ಬಿ, ಪಿಬಿ ಎಂಬ ದರ್ಜೆಯಾಗುತ್ತಿತ್ತು. ಯಸಳೂರು, ಹೆತ್ತೂರು, ಆಲೂರು, ಮೂಡಿಗೆರೆ ಎಲ್ಲವೂ ಒಂದೇ ರಾಶಿ. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ಏರ್ಪಾಡು 1996ರಲ್ಲಿ ಕೊನೆಗೊಂಡಿತು. ಮಾರುವ ಸ್ವಾತಂತ್ರ್ಯ ಬಂದಿತು. ಹೆಸರು ಮಾತ್ರ ತಾನಾಗಿ ಹಿಂದಿರುಗಿ ಬರಲಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ವೈನಾಡು, ಅರಕು ಎಂಬ ಐದು ಸೀಮೆಗಳ ಕಾಫಿಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆ ಐದರಲ್ಲಿ ಮಂಜರಾಬಾದಿನ ಹೆಸರಿರಲಿಲ್ಲ.

ಹೆಸರೆಂಬುದು ಪುಕ್ಕಟೆಯಾಗಿ ಬರುವುದೂ ಇಲ್ಲ, ಪುಕ್ಕಟೆಯಾಗಿ ಉಳಿಯುವುದೂ ಇಲ್ಲ. ರೈನ್ ನದಿಯ ಸೀಮೆಯಲ್ಲಿ ರೀಸ್ಲಿಂಗ್ ಬಳ್ಳಿಯ ಉಲ್ಲೇಖ 1435ರ ಒಂದು ಲೆಕ್ಕಪತ್ರದಲ್ಲಿಯೇ ಇದೆ. ಆದರೆ ಮೋಸೆಲಿನ ರೈತರು ಬಹುಕಾಲ ಹೆಚ್ಚು ಫಸಲು ಕೊಡುವ ಕೀಳು ಬಳ್ಳಿಗಳನ್ನೇ ನಚ್ಚಿದ್ದರು. 1787ರಲ್ಲಿ ಟ್ರಿಯರ್ ಪಟ್ಟಣದ ಧರ್ಮಪ್ರಭು ಆ ಬಳ್ಳಿಗಳನ್ನು ಕಿತ್ತು ಉತ್ತಮವಾದುವನ್ನು ನೆಡಬೇಕೆಂದು ಆಜ್ಞೆ ಹೊರಡಿಸಿದ. ಸೀಮೆಯ ಕೀರ್ತಿಗೆ ಅದು ಬುನಾದಿಯಾಯಿತು. ಹಾಗೆ ಗಳಿಸಿದ ಹೆಸರನ್ನು ಅವರೇ ಕೆಡಿಸಿಕೊಂಡದ್ದೂ ಉಂಟು. 1971ರ ಕಾಯಿದೆ ಪ್ರಸಿದ್ಧವಾದ ಹಳ್ಳಿಗಳ ಹೆಸರನ್ನು ದೂರದ ಬಯಲು ಹೊಲಗಳ ರಸಕ್ಕೂ ಅಂಟಿಸಲು ಅವಕಾಶ ಕೊಟ್ಟಿತು. ಪೀಸ್‌ಪೋರ್ಟ್ ಎಂಬ ಹಳ್ಳಿಯ ಹೆಸರು ಹೊತ್ತ ಅಗ್ಗದ ಸಿಹಿನೀರು ಊರೂರು ತುಂಬಿತು. ಕೊಂಡವರು ಮೋಸೆಲ್ ಎಂದರೆ ಇಷ್ಟೇ ಎಂದುಕೊಂಡರು. ಕಡಿದಾದ ಗುಡ್ಡಗಳಲ್ಲಿ ಬೆವರು ಸುರಿಸುವವರು ಆ ಕಳಂಕವನ್ನು ತೊಳೆಯಲು ದಶಕಗಳೇ ಬೇಕಾದುವು. ಈಗ ಅವರಿಗೆ ಹೊಸ ಚಿಂತೆ: ಹವೆ ಬೆಚ್ಚಗಾಗಿ ಹಣ್ಣು ಹಿಂದಿಗಿಂತ ಬೇಗ ಮಾಗುತ್ತಿದೆ. ಹೂಮಳೆ ಹೊತ್ತು ತಪ್ಪುವುದನ್ನೂ, ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂದು ಕಣದ ಕಾಫಿ ನೆನೆಯುವುದನ್ನೂ ಕಂಡ ಯಸಳೂರಿನವರಿಗೆ ಈ ಚಿಂತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

*

ಹಿರಿಯ ಮಗ ಹೊರಡುವುದಕ್ಕೆ ನಾಲ್ಕು ದಿನವಿರುವಾಗ, ರಾತ್ರಿಯ ಊಟವಾದ ಮೇಲೆ, ಯಜಮಾನರು ತಾವಾಗಿಯೇ ಮಾತೆತ್ತಿದರು.

“ಮೇಲಿನ ತೋಟ ಈ ವರ್ಷ ನಾನು ಹೇಳಿದ ಹಾಗೆ ಕುಯ್ಲಾಗಲಿ. ಪೂರಾ ಕೆಂಪಾದ ಹಣ್ಣು ಮಾತ್ರ. ಬೇರೆಯದಕ್ಕೆ ಬೆರಕೆ ಮಾಡಬೇಡಿ.”

“ಅಪ್ಪಯ್ಯ, ಮೂರು ಸುತ್ತು ಕುಯ್ಯಬೇಕಾಗುತ್ತದೆ. ಆಳೆಲ್ಲಿ? ಅಷ್ಟು ಮಾಡಿ ಹೆಸರು ಬರೆದರೆ ಆ ಹೆಸರಿಗೆ ದುಡ್ಡು ಕೊಡುವವರು ಯಾರು?” ಎಂದ ಕಿರಿಯ ಮಗ.

ಅಣ್ಣ ಬಾಯಿ ಹಾಕಲು ಹೋದಾಗ ಯಜಮಾನರು ಕೈಸನ್ನೆಯಿಂದ ತಡೆದರು. ತೋಟ ಮಾಡುವವನ ಪ್ರಶ್ನೆಗೆ ತೋಟ ಬಿಟ್ಟವನು ಉತ್ತರ ಹೇಳುವುದು ಅವರಿಗೆ ಸರಿಯೆನಿಸಲಿಲ್ಲ. “ಇವತ್ತು ಯಾರೂ ಇಲ್ಲ. ಹೆಸರೇ ಇಲ್ಲದ ವಸ್ತುವನ್ನು ಯಾರು ಕೇಳಿಕೊಂಡು ಬರುತ್ತಾರೆ? ಮೂರು ವರ್ಷ ನೋಡು. ಆಮೇಲೆ ನೀನು ಏನು ನೆಟ್ಟರೂ ನಾನು ಮಾತಾಡುವುದಿಲ್ಲ, ಅಷ್ಟು ಹೊತ್ತಿಗೆ ನಾನಿದ್ದರೆ” ಎಂದರು.

ಕಿರಿಯ ಮಗ ಬಹಳ ಹೊತ್ತು ಸುಮ್ಮನಿದ್ದ. “ಸಸಿಗಳನ್ನು ಕೆಳಗಿನ ಗದ್ದೆಯ ಅಂಚಿಗೆ ಹಾಕಿಸುತ್ತೇನೆ” ಎಂದಷ್ಟೇ ಹೇಳಿ ಎದ್ದುಹೋದ. ಆ ಮನೆಯ ಭಾಷೆಯಲ್ಲಿ ಅದಕ್ಕೆ ಒಪ್ಪಿಗೆ ಎಂದು ಅರ್ಥ.

ಮಾರನೆಯ ಬೆಳಗ್ಗೆ ಮೇಲಿನ ತೋಟದಲ್ಲಿ ಕುಯ್ಲು ಆರಂಭವಾಯಿತು. ಹಣ್ಣನ್ನು ಅಂದಂದೇ ಪಲ್ಪರ್ ಮನೆಯಲ್ಲಿ ಸಿಪ್ಪೆ ಸುಲಿಸಿ, ಅಂಟು ಬಿಡುವವರೆಗೆ ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು, ಕಣದಲ್ಲಿ ತೆಳ್ಳಗೆ ಹರವಿದರು. ತೊಟ್ಟಿಯಿಂದ ಬಂದ ಹುಳಿವಾಸನೆಯನ್ನು ಮೂಸಿ ಹಿರಿಯ ಮಗ, “ಇದೂ ಒಂದು ವೈನೇ” ಎಂದ. ಆಳುಗಳು ಅವನ ಮುಖ ನೋಡಿ ನಕ್ಕರು. ಮನೆಯಾಕೆ ಹಳೆಯ ದಾಸ್ತಾನಿನಿಂದ ಒಂದು ಹಿಡಿ ಕಾಳು ಹುರಿದು ಚಿಕೋರಿ ಬೆರೆಸದೆ ಕಷಾಯ ಇಳಿಸಿದರು. ಎಲ್ಲರೂ ಅದನ್ನು ಒಮ್ಮೆ ಹಾಲಿಲ್ಲದೆ ಕುಡಿದರು. ಮುಖ ಕಿವಿಚಿದವರು ಕಿವಿಚಿದರು. ಕಿರಿಯ ಮಗ ಮಾತ್ರ ಎರಡನೆಯ ಲೋಟ ಕೇಳಿದ.

ಒಣಗಿದ ಕಾಫಿ ಹನ್ನೊಂದು ಚೀಲವಾಯಿತು. ಯಜಮಾನರ ಕೈ ನಡುಗುತ್ತಿದ್ದುದರಿಂದ ಚೀಲದ ಮೇಲೆ ಬರೆಯುವ ಕೆಲಸ ಕಿರಿಯ ಮಗನ ಪಾಲಿಗೇ ಬಂತು. ‘ಯಸಳೂರು, ಮೇಲಿನ ತೋಟ, 2024-25’ ಎಂದು ಅವನು ಕಪ್ಪು ಬಣ್ಣದಲ್ಲಿ ದಪ್ಪವಾಗಿ ಬರೆದ. ಹಾಸನದಲ್ಲಿ ಕೊಳ್ಳುವವನು, “ಇದೇನು ಹೊಸದು?” ಎಂದು ಕೇಳಿದನಂತೆ. “ಊರಿನ ಹೆಸರು” ಎಂದು ಇವನು ಹೇಳಿದನಂತೆ. ಕ್ರಯವೇನೋ ಆ ದಿನದ ದರವೇ ಆಯಿತು. ಒಂದು ಕಾಸೂ ಹೆಚ್ಚು ಬರಲಿಲ್ಲ. ಆದರೆ ಆ ಹನ್ನೊಂದು ಚೀಲಗಳನ್ನು ಬೇರೆಯಾಗಿ ತೂಗಿಸಿ, ಬೇರೆ ರಸೀದಿ ಪಡೆದುಕೊಂಡೇ ಅವನು ಮನೆಗೆ ಬಂದ. ಯಜಮಾನರು ಲೆಕ್ಕದ ಪುಸ್ತಕದಲ್ಲಿ ಮೇಲಿನ ತೋಟಕ್ಕೆ ಒಂದು ಬೇರೆಯ ಪುಟವನ್ನು ತೆರೆದರು. ಮೂರು ವರ್ಷಗಳಲ್ಲಿ ಆ ಪುಟ ತುಂಬುವುದೋ ಇಲ್ಲವೋ, ಅದು ಇನ್ನು ಮುಂದಿನ ಮಾತು.

ಸೀಸೆಯಲ್ಲಿದ್ದ ರಸ ದಿನಕ್ಕೆ ಎರಡು ಚಮಚದಂತೆ ಕೆಲವು ದಿನ ಬಂದು, ಉಳಿದದ್ದು ಹುಳಿಯೊಡೆದು ಚೆಲ್ಲಿಹೋಯಿತು. ಮನೆಯಾಕೆ ಸೀಸೆಯನ್ನು ಸೀಗೆನೀರಿನಿಂದ ತೊಳೆದು ಒಣಗಿಸಿದರು. ಮೇಲಿನ ಚೀಟಿ ಹೋಗದಂತೆ ಜೋಪಾನವಾಗಿ ತೊಳೆದರೆಂಬುದನ್ನು ಯಜಮಾನರು ನೋಡಿಯೂ ನೋಡದಂತಿದ್ದರು. ಈಗ ಅದರಲ್ಲಿ ತೋಟದ ಜೇನುತುಪ್ಪವಿದೆ. ಇರುವುದು ಅಡಿಗೆಮನೆಯ ಗೂಡಿನಲ್ಲಿ.